ಹೋಮ್ ಪ್ಲೇಟ್ ಹತ್ತಿರದ ಡಿಕ್ಕಿ ಬೇಸ್‌ಬಾಲ್‌ನಲ್ಲಿ ಇರಬೇಕಾ? ಮಗ ಕ್ಯಾಚರ್ ಆಗುತ್ತಿದ್ದಾನೆ

ಮಿಲ್ಪಿಟಸ್ ಮಂಜು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದ್ದೇ ಕಮ್ಮಿ. ಈಗ ಮಗ ಇಲ್ಲಿ ಅಮೆರಿಕದಲ್ಲಿ ಮಕ್ಕಳ ಲಿಟಲ್ ಲೀಗ್ ಬೇಸ್‌ಬಾಲ್ ಆಡುತ್ತಾನೆ, ಹತ್ತು ವರ್ಷ. ಈ ಸೀಸನ್‌ನಿಂದ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ತರಹ, ಹೋಮ್ ಪ್ಲೇಟ್ ಹಿಂದೆ ಕೂರುವವನು) ಆಗು ಅಂತ ಕೋಚ್ ಹೇಳಿದ್ದಾರೆ. ಹುಡುಗನಿಗೆ ಖುಷಿಯೋ ಖುಷಿ. ಮನೆಯಲ್ಲೂ ಶಿನ್ ಗಾರ್ಡ್ ಕಟ್ಟಿಕೊಂಡೇ ಊಟಕ್ಕೆ ಕೂರುತ್ತಾನೆ, ಅವರಮ್ಮ ಬೈದರೂ ಬಿಚ್ಚುವುದಿಲ್ಲ.

ಆಫೀಸಿನಲ್ಲಿ ಇದನ್ನು ಹೇಳಿದ್ದಕ್ಕೆ ಇಲ್ಲೇ ಹುಟ್ಟಿ ಬೆಳೆದ ಒಬ್ಬ ಸಹೋದ್ಯೋಗಿ ಎರಡು ಹಳೇ ವಿಡಿಯೊ ಕಳಿಸಿದ. ಒಂದು 1970ರ ಆಲ್ ಸ್ಟಾರ್ ಪಂದ್ಯದ್ದು (ಆಯ್ದ ಆಟಗಾರರ ಪ್ರದರ್ಶನ ಪಂದ್ಯ). ಪೀಟ್ ರೋಸ್ ಅನ್ನುವ ಆಟಗಾರ ರನ್ ಗಳಿಸಲು ಥರ್ಡ್ ಬೇಸ್ ಕಡೆಯಿಂದ ಹೋಮ್ ಪ್ಲೇಟ್ ಕಡೆಗೆ ಓಡಿಬಂದು ರೇ ಫಾಸಿ ಅನ್ನುವ ಕ್ಯಾಚರ್‌ಗೆ ಭುಜ ಕೊಟ್ಟು ಉರುಳಿಸುತ್ತಾನೆ. ಇನ್ನೊಂದು 2011ರದು, ಜೈಂಟ್ಸ್ ತಂಡದ ಕ್ಯಾಚರ್ ಬಸ್ಟರ್ ಪೋಸಿ ಕಾಲು ಮುರಿದದ್ದು. ಎರಡನೆಯದನ್ನು ನನ್ನ ಕೈಲಿ ಪೂರ್ತಿ ನೋಡಲು ಆಗಲಿಲ್ಲ. ಆತ ಮಾತ್ರ, “ಇದು ಬೇಸ್‌ಬಾಲ್ ಅಂದ್ರೆ. 2014ರಲ್ಲಿ ಡಿಕ್ಕಿ ತಡೆಯುವ ನಿಯಮ ಬಂದಮೇಲೆ ಎಲ್ಲ ಮೆತ್ತಗಾಯ್ತು” ಅಂದ.

ಗೊತ್ತಿರುವವರು ಹೇಳಿ. ಈ ಡಿಕ್ಕಿ ನಿಜವಾಗಿಯೂ ಆಟದ ಭಾಗವಾ? ತೆಗೆದುಹಾಕಿದ್ದರಿಂದ ಆಟಕ್ಕೆ ನಷ್ಟ ಆಯ್ತಾ? ಇದಕ್ಕಿಂತ ಮುಖ್ಯವಾಗಿ, ನನ್ನ ಮಗನ ಮೇಲೆ ಯಾರಾದರೂ ಹೀಗೆ ಬಂದು ಬೀಳುತ್ತಾರಾ?

---

ಓಹಾಯೋ ಗೌಡ:

ಗುರು, ನಿನ್ನ ಸಹೋದ್ಯೋಗಿ ಹೇಳಿದ್ದು ಸರಿ. ನಾನಿರುವುದು ಸಿನ್ಸಿನಾಟಿಯಲ್ಲಿ. ಇಲ್ಲಿ ನಮ್ಮೂರ ಪೀಟ್ ರೋಸ್ ಬಗ್ಗೆ ಏನಾದರೂ ಅಂದರೆ ಚಹಾ ಕೂಡ ಕೊಡುವುದಿಲ್ಲ. ಆದ್ದರಿಂದ ನನ್ನದು ಪಕ್ಷಪಾತ ಅಂತಲೇ ಇಟ್ಟುಕೋ.

ಆ ಪಂದ್ಯ ನಡೆದದ್ದು ನಮ್ಮೂರಿನ ರಿವರ್‌ಫ್ರಂಟ್ ಸ್ಟೇಡಿಯಂನಲ್ಲಿ. ಹೊಸ ಸ್ಟೇಡಿಯಂ, ಶುರುವಾಗಿ ಎರಡು ವಾರ ಆಗಿತ್ತು ಅಷ್ಟೇ. ಅಧ್ಯಕ್ಷ ನಿಕ್ಸನ್ ಬಂದಿದ್ದರು. 12ನೇ ಇನ್ನಿಂಗ್ಸ್, 4-4. ಜಿಮ್ ಹಿಕ್ಮನ್ ಸಿಂಗಲ್ ಹೊಡೆದ, ರೋಸ್ ಸೆಕೆಂಡ್ ಬೇಸ್‌ನಿಂದ ಹೊರಟ. ಸೆಂಟರ್ ಫೀಲ್ಡ್‌ನಿಂದ ಏಮಸ್ ಓಟಿಸ್ ಎಸೆದ ಚೆಂಡು ಬರುತ್ತಿದೆ. ಫಾಸಿ ದಾರಿಗೆ ಅಡ್ಡ ಬಂದು ನಿಂತಿದ್ದಾನೆ. ರೋಸ್ ಏನು ಮಾಡಬೇಕಿತ್ತು ಹೇಳು, ಕೈ ಮುಗಿದು ದಾರಿ ಕೇಳಬೇಕಿತ್ತಾ? ಗುದ್ದಿದ, ಪ್ಲೇಟ್ ಮುಟ್ಟಿದ, 5-4 ಗೆದ್ದರು. ರೋಸ್‌ಗೂ ಪೆಟ್ಟಾಗಿ ಆಮೇಲೆ ಮೂರು ಪಂದ್ಯ ಆಡಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಇವರೆಲ್ಲ ವೃತ್ತಿಪರರು. ಕ್ಯಾಚರ್ ಆಗಿ ಕೂತವನಿಗೆ ಏನು ಬರುತ್ತದೆ ಅಂತ ಗೊತ್ತಿರುತ್ತದೆ. ಈಗ ನೋಡು, ಔಟ್‌ಫೀಲ್ಡರ್ ಅದ್ಭುತವಾಗಿ ಎಸೆಯುತ್ತಾನೆ, ಕ್ಯಾಚರ್ ಹಿಡಿದು ಟ್ಯಾಗ್ ಮಾಡುತ್ತಾನೆ (ಚೆಂಡಿರುವ ಗ್ಲೌಸನ್ನು ರನ್ನರ್ ಮೈಗೆ ಮುಟ್ಟಿಸುತ್ತಾನೆ), ಔಟ್. ಆಮೇಲೆ ನ್ಯೂಯಾರ್ಕಿನ ರಿಪ್ಲೇ ಕೇಂದ್ರದಲ್ಲಿ ಯಾರೋ ಟಿವಿ ಮುಂದೆ ಕೂತು ಕ್ಯಾಚರ್‌ನ ಪಾದ ಎಲ್ಲಿತ್ತು ಅಂತ ನೋಡಿ ಸೇಫ್, ಅಂದರೆ ಔಟಲ್ಲ, ಅನ್ನುತ್ತಾರೆ. 2014ರ ಜುಲೈ 31ರಂದು ಮಯಾಮಿಯಲ್ಲಿ ಹೀಗೇ ಆಯ್ತು. ನಮ್ಮ ಸಿನ್ಸಿನಾಟಿ ರೆಡ್ಸ್ ತಂಡದ ಝ್ಯಾಕ್ ಕೊಝಾರ್ಟ್ ಓಡಿಬರುವಷ್ಟರಲ್ಲಿ ಸ್ಟಾಂಟನ್ ಎಸೆದ ಚೆಂಡು ಕ್ಯಾಚರ್ ಜೆಫ್ ಮ್ಯಾಥಿಸ್ ಕೈಯಲ್ಲಿ ಕೂತಾಗಿತ್ತು. ಔಟ್ ಅಂದದ್ದು ಸೇಫ್ ಆಯ್ತು. ಗೆದ್ದದ್ದು ನಮ್ಮ ರೆಡ್ಸೇ, 3-1. ಆದರೂ ನನಗೇ ಮುಜುಗರ ಆಯ್ತು. 2022ರ ಆಗಸ್ಟ್‌ನಲ್ಲಿ ಮಿನೆಸೋಟಾದಲ್ಲಿ ಮತ್ತೆ ಅದೇ ಕಥೆ, 10ನೇ ಇನ್ನಿಂಗ್ಸ್‌ನಲ್ಲಿ. ಟೊರಾಂಟೊದ ಮೆರಿಫೀಲ್ಡ್ ಔಟ್ ಅಂದರು, ಕ್ಯಾಚರ್ ಸಾಂಚೆಜ್ ಅಡ್ಡ ಇದ್ದ ಅಂತ ಸೇಫ್ ಮಾಡಿದರು, ಟೊರಾಂಟೊ 3-2 ಗೆದ್ದಿತು. ಮಿನೆಸೋಟಾ ಮ್ಯಾನೇಜರ್ ಬಾಲ್ಡೆಲಿ ಕೆಂಡಾಮಂಡಲ.

ಡಿಕ್ಕಿ ಇದ್ದರೆ ಇದ್ಯಾವುದರ ರಗಳೆ ಇರುತ್ತಿರಲಿಲ್ಲ. ಮಕ್ಕಳ ಆಟದಲ್ಲಿ ಬೇಡ, ಅದು ಬೇರೆ ಮಾತು. ದೊಡ್ಡವರ ಆಟವನ್ನು ದೊಡ್ಡವರಿಗೆ ಬಿಡಬೇಕು.

---

ನೀಲಿ ಶರ್ಟು:

ಮಂಜು ಅವರೇ, ಕೊನೇ ಪ್ರಶ್ನೆಗೆ ಮೊದಲು ಉತ್ತರ. ಲಿಟಲ್ ಲೀಗ್‌ನಲ್ಲಿ ರೋಸ್ ತರಹ ಬಂದು ಗುದ್ದುವುದಕ್ಕೆ ಅವಕಾಶ ಇಲ್ಲ. ಚೆಂಡು ಕೈಯಲ್ಲಿಟ್ಟುಕೊಂಡು ಟ್ಯಾಗ್ ಮಾಡಲು ಕಾಯುತ್ತಿರುವ ಫೀಲ್ಡರ್ ಎದುರಿಗಿದ್ದರೆ, ಓಡಿಬರುವವನು ನೆಲದ ಮೇಲೆ ಜಾರಿಕೊಂಡು ಬರಬೇಕು, ಇಲ್ಲವೇ ಸುತ್ತಿಕೊಂಡು ಹೋಗಲು ನೋಡಬೇಕು. ಎರಡೂ ಮಾಡದಿದ್ದರೆ ಔಟ್. ನಿಮ್ಮ ಮಗನ ವಯಸ್ಸಿನವರು ತಲೆ ಮುಂದೆ ಮಾಡಿ ಜಾರುವಂತೆಯೂ ಇಲ್ಲ, ಬಿಟ್ಟ ಬೇಸ್‌ಗೆ ವಾಪಸ್ ಬರುವಾಗ ಮಾತ್ರ ಸರಿ. ಹಾಗಂತ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುವುದೇ ಇಲ್ಲ ಅಂತಲ್ಲ. ಬೀಳುತ್ತಾರೆ. ಬೇಕೂಂತ ಬೀಳುವುದಿಲ್ಲ ಅಷ್ಟೇ.

ನಾನು ಇಲ್ಲೇ ಸೌತ್ ಬೇ ಕಡೆ ಶನಿವಾರಗಳಲ್ಲಿ ಲಿಟಲ್ ಲೀಗ್ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುತ್ತೇನೆ. ಸಂಬಳ ಇಲ್ಲ, ಬೈಗುಳ ಉಂಟು. ಅಂಪೈರ್‌ಗಳನ್ನು ಇಲ್ಲಿ “ಬ್ಲೂ” ಅಂತ ಕೂಗುತ್ತಾರೆ, ಅದಕ್ಕೇ ಈ ಹೆಸರು. ಪ್ಲೇಟ್ ಹಿಂದೆ ನಿಂತು ನೋಡುವವನಿಗೆ ಈ ವಿಷಯ ಗ್ಯಾಲರಿಯಲ್ಲಿ ಕಂಡ ಹಾಗೆ ಕಾಣುವುದಿಲ್ಲ. ಗ್ಯಾಲರಿಯವರು ರನ್ನರ್‌ನ ಭುಜ ನೋಡುತ್ತಾರೆ. ನಾನು ನೋಡುವುದು ಕ್ಯಾಚರ್‌ನ ಎಡಗಾಲು.

ಯಾಕೆ ಅಂತ ಹೇಳುತ್ತೇನೆ. ಹೋಮ್ ಪ್ಲೇಟ್ ಅಂದರೆ ನೆಲಕ್ಕೆ ಹೂತ ಐದು ಮೂಲೆಯ ರಬ್ಬರ್ ಹಲಗೆ. ಅಗಲ 17 ಇಂಚು. ಓಡಿಬರುವವನು ಅದರ ಯಾವುದಾದರೂ ಮೂಲೆಯನ್ನು ಮುಟ್ಟಿದರೆ ಸಾಕು, ರನ್. ಸೆಕೆಂಡ್ ಬೇಸ್, ಥರ್ಡ್ ಬೇಸ್‌ನಲ್ಲಿ ಹಾಗಲ್ಲ. ಅಲ್ಲಿ ಮುಟ್ಟಿ ಮುಂದೆ ಹೋದರೆ ಟ್ಯಾಗ್ ಮಾಡಿ ಔಟ್ ಮಾಡುತ್ತಾರೆ, ಆದ್ದರಿಂದ ವೇಗ ತಗ್ಗಿಸಲೇಬೇಕು. ಹೋಮ್‌ನಲ್ಲಿ ಮುಟ್ಟಿಕೊಂಡು ಮುಂದಕ್ಕೆ ಓಡಿಹೋಗಬಹುದು. ಹಾಗಾಗಿ ಮೈದಾನದಲ್ಲಿ ಪೂರ್ತಿ ವೇಗದಲ್ಲಿ ಮನುಷ್ಯ ಬಂದು ತಲುಪುವ ಜಾಗ ಅದು. ಅದೇ ಜಾಗದಲ್ಲಿ ಇನ್ನೊಬ್ಬ, ಎಲ್ಲೋ ದೂರದಿಂದ ಬರುತ್ತಿರುವ ಚೆಂಡಿನ ಮೇಲೆ ಕಣ್ಣಿಟ್ಟು, ಪಕ್ಕದಿಂದ ಯಾರು ಬರುತ್ತಿದ್ದಾರೆ ಅನ್ನುವುದನ್ನೂ ಸರಿಯಾಗಿ ನೋಡಲಾಗದೆ ನಿಂತಿರುತ್ತಾನೆ. ಮುಟ್ಟುವಾಗ ಚೆಂಡು ಕೈಜಾರಿದರೆ ರನ್ನರ್ ಸೇಫ್. ಅಂದರೆ ಗುದ್ದಿ ಚೆಂಡು ಬೀಳಿಸುವುದರಲ್ಲಿ ರನ್ನರ್‌ಗೆ ಲಾಭ. ಅಡ್ಡ ನಿಂತು ಪ್ಲೇಟ್ ಮುಚ್ಚುವುದರಲ್ಲಿ ಕ್ಯಾಚರ್‌ಗೆ ಲಾಭ. ಇಬ್ಬರಿಗೂ ತಪ್ಪು ಮಾಡಿದರೇ ಲಾಭ ಇದ್ದಾಗ ಏನಾಗಬೇಕೋ ಅದೇ ಆಗುತ್ತಿತ್ತು.

ಈಗ ಗೌಡರು ಕೇಳಿದ ಪ್ರಶ್ನೆ, ರೋಸ್ ಏನು ಮಾಡಬೇಕಿತ್ತು ಅಂತ. ಒಳ್ಳೇ ಪ್ರಶ್ನೆ. ಆದರೆ ಅದಕ್ಕೂ ಮುಂಚೆ ಕೇಳಬೇಕಾದದ್ದು ಬೇರೆ: ಚೆಂಡು ಕೈಗೆ ಬರುವ ಮೊದಲೇ ಕ್ಯಾಚರ್ ಅಲ್ಲಿ ಯಾಕೆ ನಿಂತಿದ್ದ? 2014ರ ನಿಯಮ ಬರುವುದಕ್ಕೆ ಬಹಳ ಮೊದಲಿನಿಂದಲೂ ರೂಲ್ ಬುಕ್ಕಿನ 7.06ರ ಕೆಳಗೆ ಒಂದು ಟಿಪ್ಪಣಿ ಇತ್ತು. ಚೆಂಡು ಕೈಯಲ್ಲಿಲ್ಲದ ಕ್ಯಾಚರ್‌ಗೆ ರನ್ನರ್‌ನ ದಾರಿ ತಡೆಯುವ ಹಕ್ಕಿಲ್ಲ, ಬೇಸ್‌ಗೆ ಹೋಗುವ ಗೆರೆ ರನ್ನರ್‌ನದು, ಕ್ಯಾಚರ್ ಅಲ್ಲಿರಬೇಕಾದದ್ದು ಚೆಂಡು ಹಿಡಿಯುತ್ತಿರುವಾಗ ಅಥವಾ ಚೆಂಡು ಕೈಯಲ್ಲಿದ್ದಾಗ ಮಾತ್ರ, ಅನ್ನುವುದು ಅದರ ಸಾರ. ಇದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಬರೆಯಬೇಕು? ಆದರೆ ವೃತ್ತಿಪರರ ದೊಡ್ಡ ಲೀಗ್‌ನ ಅಂಪೈರ್‌ಗಳು ಅದನ್ನು ಕೊಡುತ್ತಲೇ ಇರಲಿಲ್ಲ ಅಂದರೂ ನಡೆಯುತ್ತದೆ. ಕ್ಯಾಚರ್ ಅಡ್ಡ ನಿಲ್ಲುವುದನ್ನು ಗಂಡಸುತನ ಅಂತ ಹೊಗಳಿದರು. ಅಡ್ಡ ನಿಂತವನನ್ನು ಅಂಪೈರ್ ಸರಿಸುವುದಿಲ್ಲ ಅಂತಾದ ಮೇಲೆ ರನ್ನರ್ ತಾನೇ ಸರಿಸಲು ಹೊರಟ. ಡಿಕ್ಕಿ ಹುಟ್ಟಿದ್ದು ಹೀಗೆ. ರೂಢಿಯಲ್ಲಿ ಆಟದ ಭಾಗ ಆಗಿತ್ತು, ಒಪ್ಪುತ್ತೇನೆ. ಪುಸ್ತಕದಲ್ಲಿ ಇದ್ದದ್ದನ್ನು ನಡೆಸಿದ್ದರೆ ಆಗುತ್ತಿರಲಿಲ್ಲ.

ಫಾಸಿ ವಿಷಯ ಸ್ವಲ್ಪ ಹೇಳಲೇಬೇಕು. ಆಗ ಅವನಿಗೆ 23. ಆ ವರ್ಷ ಆಲ್ ಸ್ಟಾರ್ ಪಂದ್ಯದ ಹೊತ್ತಿಗೆ 16 ಹೋಮ್ ರನ್ ಹೊಡೆದಿದ್ದ. ಆಮೇಲೆ ಸೀಸನ್ ಮುಗಿಯುವವರೆಗೆ ಎರಡೇ ಎರಡು. ಭುಜ ಊದಿಕೊಂಡಿದ್ದರಿಂದ ಮೊದಲ ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಕಾಣಲಿಲ್ಲ. ಮುರಿದ ಭುಜದಲ್ಲೇ ಆಡಿದ. ಮುಂದಿನ ವರ್ಷ ಗೊತ್ತಾಯಿತು, ಅಷ್ಟರಲ್ಲಿ ಮೂಳೆ ಸೊಟ್ಟಗೆ ಕೂಡಿತ್ತು. ಆಮೇಲೂ ಆಡಿದ, ಓಕ್ಲೆಂಡ್ ಎ’ಸ್ ಜೊತೆ 1973, 74ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ. ಆದರೆ ಆ 16 ಹೋಮ್ ರನ್‌ನ ಹುಡುಗ ಮತ್ತೆ ಬರಲಿಲ್ಲ. ಈಸ್ಟ್ ಬೇಯಲ್ಲಿ ಹಳಬರಿಗೆ ಅವನ ದನಿ ಗೊತ್ತು, 1986ರಿಂದ ಎ’ಸ್ ಪಂದ್ಯಗಳ ಕಾಮೆಂಟರಿ ಹೇಳುತ್ತಿದ್ದ. 2021ರಲ್ಲಿ ತೀರಿಕೊಂಡ. ಡಿಕ್ಕಿಯ ಹಿಂದಿನ ರಾತ್ರಿ ರೋಸ್ ಮತ್ತು ಫಾಸಿ ಜೊತೆಯಲ್ಲೇ ಊಟಕ್ಕೆ ಹೋಗಿ, ಆಮೇಲೆ ರೋಸ್ ಮನೆಯಲ್ಲಿ ಹರಟೆ ಹೊಡೆದಿದ್ದರಂತೆ! ಮಾರನೇ ದಿನ ಆ ಪಂದ್ಯ. ಅದು ಲೀಗ್ ಪಂದ್ಯವೂ ಅಲ್ಲ, ಗೆದ್ದರೂ ಸೋತರೂ ಯಾವ ತಂಡದ ಸ್ಥಾನವೂ ಬದಲಾಗುತ್ತಿರಲಿಲ್ಲ.

ಪೋಸಿಯದು 2011ರ ಮೇ 25. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ, ಫ್ಲೋರಿಡಾ ಮಾರ್ಲಿನ್ಸ್ ವಿರುದ್ಧ. ಅದೂ 12ನೇ ಇನ್ನಿಂಗ್ಸ್, 6-6. ಬಲಗಡೆ ಮೇಲಕ್ಕೆ ಹೋದ ಚೆಂಡನ್ನು ನೇಟ್ ಶಿಯರ್‌ಹೋಲ್ಟ್ಸ್ ಹಿಡಿದು ಹೋಮ್‌ಗೆ ಎಸೆದ. ಥರ್ಡ್ ಬೇಸ್‌ನಿಂದ ಸ್ಕಾಟ್ ಕಸಿನ್ಸ್ ಹೊರಟ. ಮಂಜು ಅವರೇ, ಆ ವಿಡಿಯೊವನ್ನು ಪೂರ್ತಿ ನೋಡದೆ ಇದ್ದದ್ದು ಒಳ್ಳೆಯದಾಯಿತು. ಆದರೆ ಡಿಕ್ಕಿಗೆ ಅರ್ಧ ಸೆಕೆಂಡ್ ಮೊದಲು ನಿಲ್ಲಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪೋಸಿ ಪ್ಲೇಟ್‌ಗಿಂತ ಮುಂದೆ ಇದ್ದಾನೆ, ಮೊಣಕಾಲೂರಿದ್ದಾನೆ, ಎಡಗಾಲು ಮೈ ಕೆಳಗೆ ಮಡಚಿಕೊಂಡಿದೆ. ಚೆಂಡು ಗ್ಲೌಸ್‌ನಲ್ಲಿ ನಿಲ್ಲಲಿಲ್ಲ. ಪ್ಲೇಟಿನ ಒಂದು ಭಾಗ ಖಾಲಿ ಇದೆ. ಕಸಿನ್ಸ್ ಜಾರಿದ್ದರೆ ಸೇಫ್ ಆಗುತ್ತಿದ್ದ. ಅವನು ಭುಜ ತಗ್ಗಿಸಿದ. ಕಾಲಿನ ಫಿಬ್ಯುಲಾ ಮೂಳೆ ಮುರಿಯಿತು, ಪಾದದ ಗಂಟಿನ ಲಿಗಮೆಂಟ್‌ಗಳು ಹರಿದವು, ಪೋಸಿಯ ಸೀಸನ್ ಅಲ್ಲಿಗೆ ಮುಗಿಯಿತು. ಅಂದಿನ ರೂಢಿಯ ಪ್ರಕಾರ ಕಸಿನ್ಸ್ ಮಾಡಿದ್ದು ತಪ್ಪಲ್ಲ, ಶಿಕ್ಷೆಯೂ ಇಲ್ಲ. ಪಾಪ, ಅವನಿಗೆ ಕೊಲೆ ಬೆದರಿಕೆಗಳು ಬಂದವು. ಅದೂ ನಮ್ಮ ಜೈಂಟ್ಸ್ ಅಭಿಮಾನಿಗಳ ಕಡೆಯಿಂದ, ನಾಚಿಕೆಗೇಡು.

ಪೋಸಿ ಮುಂದಿನ ವರ್ಷ ವಾಪಸ್ ಬಂದ. ಪ್ಲೇಟ್‌ಗೆ ಅಡ್ಡ ನಿಲ್ಲಬೇಡ ಅಂತ ಮ್ಯಾನೇಜರ್ ಬ್ರೂಸ್ ಬೋಚಿ ಮೊದಲೇ ಹೇಳಿಬಿಟ್ಟಿದ್ದರು. ಬೋಚಿ ಕೂಡ ಹಳೇ ಕ್ಯಾಚರ್. ಆ ವರ್ಷ ಪೋಸಿ .336 ಸರಾಸರಿಯಲ್ಲಿ ಹೊಡೆದು ಬ್ಯಾಟಿಂಗ್‌ನಲ್ಲಿ ಲೀಗ್‌ಗೇ ಮೊದಲು, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ), ತಂಡಕ್ಕೆ ವರ್ಲ್ಡ್ ಸೀರೀಸ್. ಅಡ್ಡ ನಿಲ್ಲದೆಯೂ ಕ್ಯಾಚರ್ ಆಗಿ ಆಡಬಹುದು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಡಿಕ್ಕಿ ಬೇಡ ಅಂತ ಜೋರಾಗಿ ಹೇಳಿದವರಲ್ಲಿ ಬೋಚಿ ಒಬ್ಬರು, ಸೇಂಟ್ ಲೂಯಿಸ್‌ನ ಮೈಕ್ ಮಥೀನಿ ಇನ್ನೊಬ್ಬರು. ಅವರೂ ಕ್ಯಾಚರ್. ಕಚೇರಿಯಲ್ಲಿ ಕೂತವರು ಯಾರೋ ಆಟವನ್ನು ಮೆತ್ತಗೆ ಮಾಡಿದರು ಅನ್ನುವವರು ಇದನ್ನು ನೆನಪಿಡಬೇಕು.

ಗೌಡರೇ, ಇನ್ನೊಂದು ಮಾತು. ಆ ನಿಯಮ ಎಲ್ಲ ಡಿಕ್ಕಿಯನ್ನೂ ನಿಷೇಧಿಸಿಲ್ಲ. 2014ರ ಫೆಬ್ರವರಿ 24ರಂದು ಲೀಗ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡ 7.13, ಮೊದಲು ಪ್ರಯೋಗಕ್ಕೆ ಅಂತ ಬಂದದ್ದು, ಹೇಳುವುದು ಎರಡೇ. ರನ್ನರ್ ತನ್ನ ನೇರ ದಾರಿ ಬಿಟ್ಟು ಕ್ಯಾಚರ್‌ನ ಕಡೆ ತಿರುಗಿ ಗುದ್ದಬಾರದು. ಗುದ್ದಿದರೆ ಚೆಂಡು ಬಿದ್ದರೂ ಔಟ್, ಉಳಿದ ರನ್ನರ್‌ಗಳು ಡಿಕ್ಕಿಯ ಹೊತ್ತಿಗೆ ಮುಟ್ಟಿದ್ದ ಬೇಸ್‌ಗೆ ವಾಪಸ್. ಕ್ಯಾಚರ್ ಚೆಂಡಿಲ್ಲದೆ ದಾರಿ ತಡೆಯಬಾರದು. ತಡೆದರೆ ರನ್ನರ್ ಸೇಫ್. ಪ್ಲೇಟ್ ಮುಟ್ಟಲು ಪ್ರಯತ್ನವನ್ನೇ ಮಾಡದಿರುವುದು, ಭುಜ ತಗ್ಗಿಸುವುದು, ಕೈ, ಮೊಣಕೈಯಿಂದ ತಳ್ಳುವುದು, ಇವು ಬೇಕೂಂತ ಗುದ್ದಿದ್ದಕ್ಕೆ ಗುರುತು. ಕಾಲು ಮುಂದೆ ಮಾಡಿ ಜಾರುವವನ ಕುಂಡೆ, ಕಾಲು ಮೊದಲು ನೆಲ ಮುಟ್ಟಿರಬೇಕು. ಎಸೆತ ಕ್ಯಾಚರ್‌ನನ್ನೇ ದಾರಿಗೆ ಎಳೆದು, ತಪ್ಪಿಸಲಾಗದೆ ಇಬ್ಬರೂ ಬಡಿದುಕೊಂಡರೆ ಯಾರದ್ದೂ ತಪ್ಪಲ್ಲ.

ಕೊಝಾರ್ಟ್ ತೀರ್ಪು ಕೆಟ್ಟದ್ದು, ನೀವು ಹೇಳಿದ್ದು ನಿಜ. ಅದಕ್ಕೇ ಸೆಪ್ಟೆಂಬರ್‌ನಲ್ಲಿ ಲೀಗ್ ಅಂಪೈರ್‌ಗಳಿಗೆ ಪತ್ರ ಕಳಿಸಿ, ಕ್ಯಾಚರ್ ಅಡ್ಡ ಇದ್ದರೂ ಇಲ್ಲದಿದ್ದರೂ ರನ್ನರ್ ಔಟಾಗುತ್ತಿದ್ದ ಅನ್ನುವುದು ಸ್ಪಷ್ಟವಿದ್ದರೆ ತೀರ್ಪು ಬದಲಾಯಿಸಬೇಡಿ ಅಂತ ಹೇಳಿತು. 2022ರದ್ದು ಈಗಲೂ ವಾದಕ್ಕೆ ಒಳ್ಳೇ ವಸ್ತು. ನನಗೆ ಬೇಜಾರಿಲ್ಲ. ಅಂಪೈರ್‌ಗೆ ಬೈದುಕೊಂಡು ಮನೆಗೆ ಹೋಗುವುದು ಈ ಆಟದಲ್ಲಿ ಹೊಸದೇನೂ ಅಲ್ಲ.

---

ಕ್ಯಾಚರ್ ಅಮ್ಮ:

ನೀಲಿ ಶರ್ಟು ಅವರು ಬರೆದದ್ದು ಸರಿ. ಆದರೆ ಮಂಜು ಅವರೇ, ನೀವು ಹೆದರಬೇಕಾದ ಕಡೆ ಹೆದರುತ್ತಿಲ್ಲ ಅನ್ನಿಸಿತು. ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಕ್ಯಾಚರ್. ಅಲ್ಲಿಯೂ ಬೇಕೂಂತ ಗುದ್ದಿದರೆ ಔಟ್, ಜೊತೆಗೆ ಪಂದ್ಯದಿಂದಲೇ ಹೊರಗೆ. ಇಷ್ಟು ವರ್ಷದಲ್ಲಿ ಅವನ ಮೇಲೆ ಬಿದ್ದವರು ಕಮ್ಮಿ. ಅವನನ್ನು ನೋಯಿಸಿದ್ದೆಲ್ಲ ಫೌಲ್ ಟಿಪ್. ಬ್ಯಾಟಿನ ಅಂಚಿಗೆ ತಾಗಿ ಅದೇ ವೇಗದಲ್ಲಿ ಹಿಂದಕ್ಕೆ ಬರುವ ಚೆಂಡು. ತಪ್ಪಿಸಿಕೊಳ್ಳಲು ಟೈಮೇ ಇರುವುದಿಲ್ಲ.

ಅವನ ಹಳೇ ಮಾಸ್ಕ್ ನಮ್ಮ ಗ್ಯಾರೇಜಿನಲ್ಲಿದೆ. ಗಲ್ಲದ ಹತ್ತಿರದ ಕಂಬಿಯ ಬಣ್ಣ ಪೂರ್ತಿ ಹೋಗಿದೆ, ಒಳಗಿನ ಸ್ಪಂಜು ಒಂದೇ ಕಡೆ ಚಪ್ಪಟೆ. ಕಂಬಿ ಒಂಚೂರು ಒಳಕ್ಕೆ ಬಾಗಿದ ದಿನ ಅದನ್ನು ತೆಗೆದಿಟ್ಟು ಹೊಸದು ತಂದೆವು. ಆ ದಿನ ಅವನು “ಏನೂ ಆಗಿಲ್ಲಮ್ಮ” ಅಂದ. ಸಂಜೆ ಟಿವಿ ಬೆಳಕು ಕಣ್ಣಿಗೆ ಚುಚ್ಚುತ್ತಿದೆ ಅಂದ. ಡಾಕ್ಟರ್ ಹತ್ತಿರ ಹೋದೆವು. ಅವರು ಬಿಡುವವರೆಗೆ ಆಟ ಬಂದ್. ಮಥೀನಿ ಹೆಸರು ಬಂತಲ್ಲ, 2006ರಲ್ಲಿ ಅವರ ಆಟ ನಿಂತದ್ದು ಒಂದರ ಮೇಲೊಂದು ಮಾಸ್ಕ್‌ಗೆ ಬಡಿದ ಫೌಲ್ ಟಿಪ್‌ಗಳಿಂದಲೇ. ಕನ್ಕಶನ್ (ಪೆಟ್ಟು ಬಿದ್ದು ಮಿದುಳು ಅಲುಗುವುದು) ಆದವರಿಗೆ ಅಂತ ದೊಡ್ಡ ಲೀಗ್ ಬೇರೆಯೇ 7 ದಿನದ ಗಾಯಾಳುಗಳ ಪಟ್ಟಿ ಮಾಡಿದ್ದು 2011ರಲ್ಲಿ.

ಡಿಕ್ಕಿ ಹೋಗಿದ್ದಕ್ಕೆ ನನಗೆ ಖುಷಿ. ಅದು ಹೋಯಿತು, ಇನ್ನು ಕ್ಯಾಚರ್ ಕೆಲಸ ಸುರಕ್ಷಿತ ಅಂತ ತಿಳಿಯಬೇಡಿ ಅಂತ ಹೇಳಿದೆ ಅಷ್ಟೇ.

ಇನ್ನೊಂದು ದೂರು. ಮಗ ಚಿಕ್ಕವನಿದ್ದಾಗ ಒಬ್ಬ ಕೋಚ್, “ಪ್ಲೇಟ್ ನಿನ್ನ ಮನೆ, ಯಾರನ್ನೂ ಒಳಗೆ ಬಿಡಬೇಡ” ಅಂತ ಹೇಳಿಕೊಟ್ಟಿದ್ದರು. ಒಂಬತ್ತು ವರ್ಷದ ಮಗುವಿಗೆ! ಆ ಅಭ್ಯಾಸ ಬಿಡಿಸಲು ಮುಂದಿನ ಕೋಚ್‌ಗೆ ಇಡೀ ಬೇಸಿಗೆ ಬೇಕಾಯಿತು. ಟಿವಿಯಲ್ಲಿ ದೊಡ್ಡವರು ಮಾಡುವುದನ್ನು ದೊಡ್ಡವರಿಗೆ ಬಿಡಿ ಅನ್ನುತ್ತಾರೆ ಗೌಡರು. ಆದರೆ ನೋಡುವವರು ಮಕ್ಕಳೇ ಅಲ್ವಾ?

---

ಬಸವನಗುಡಿ ಬೌಲರ್:

ಬೆಂಗಳೂರಿನಿಂದ ಸುಮ್ನೆ ಓದುತ್ತಿದ್ದೆ, ಒಂದು ಅನುಮಾನ. ಕ್ರಿಕೆಟ್‌ನಲ್ಲಿ ರನೌಟ್ ಇದ್ದೇ ಇದೆ, ಕೀಪರ್ ಇದ್ದಾನೆ, ಬ್ಯಾಟ್ಸ್‌ಮನ್ ಪೂರ್ತಿ ವೇಗದಲ್ಲೇ ಬರುತ್ತಾನೆ. ನಮ್ಮಲ್ಲಿ ಈ ಸಮಸ್ಯೆ ಯಾಕೆ ಇಷ್ಟು ದೊಡ್ಡದಾಗಲಿಲ್ಲ? ಕ್ಯಾಚರ್ ಕೂಡ ಕೀಪರ್ ತರಹ ಹಿಂದೆ ನಿಂತರೆ ಆಗಲ್ವಾ ಸರ್?

---

ನೀಲಿ ಶರ್ಟು:

ಬೌಲರ್ ಅವರೇ, ಒಳ್ಳೇ ಅನುಮಾನ. ಕೀಪರ್ ಬ್ಯಾಟ್ಸ್‌ಮನ್‌ನನ್ನು ಮುಟ್ಟಬೇಕಾಗಿಲ್ಲ, ಸ್ಟಂಪ್ಸ್ ಮುಟ್ಟಿದರೆ ಸಾಕು. ಆದ್ದರಿಂದ ಅವನು ಸ್ಟಂಪ್ಸ್ ಹಿಂದೆ ಇರುತ್ತಾನೆ. ಬ್ಯಾಟ್ಸ್‌ಮನ್ ಮುಟ್ಟಬೇಕಾದದ್ದು ಸ್ಟಂಪ್ಸ್ ಅಲ್ಲ, ಅದಕ್ಕಿಂತ 4 ಅಡಿ ಮುಂದಿರುವ ಗೆರೆ ದಾಟಿದರೆ ಆಯಿತು. ಪಾಪಿಂಗ್ ಕ್ರೀಸ್‌ಗೆ ನಿಯಮದಲ್ಲಿ ಉದ್ದದ ಮಿತಿಯೇ ಇಲ್ಲ, ಪಕ್ಕಕ್ಕೆ ಎಷ್ಟು ದೂರ ಓಡಿ ದಾಟಿದರೂ ಒಳಗೇ. ಜೊತೆಗೆ ಬ್ಯಾಟ್ ಚಾಚಬಹುದು. ಯಾರು ತಾನೇ ಅದನ್ನು ಮುಚ್ಚಲು ಸಾಧ್ಯ? ಬೇಸ್‌ಬಾಲ್‌ನಲ್ಲಿ ಗುರಿ 17 ಇಂಚು, ಕ್ಯಾಚರ್ ಚೆಂಡಿರುವ ಗ್ಲೌಸ್‌ನಿಂದ ಆ ಮನುಷ್ಯನ ಮೈಯನ್ನೇ ಮುಟ್ಟಬೇಕು. ಹಿಂದೆ ನಿಂತರೆ ಕೈ ಎಟುಕುವುದಿಲ್ಲ.

ಆದರೆ ಒಂದು ಕಡೆ ಎರಡೂ ಆಟ ಸೇರುತ್ತವೆ. 2024ರ ಮೇ 12ರಂದು ಚೆಪಾಕ್‌ನಲ್ಲಿ ರಾಜಸ್ಥಾನದ ವಿರುದ್ಧ ಜಡೇಜ “ಅಬ್‌ಸ್ಟ್ರಕ್ಟಿಂಗ್ ದ ಫೀಲ್ಡ್” ಅಂತ ಔಟಾದದ್ದು ನೆನಪಿದೆಯಾ? ವಾಪಸ್ ಓಡುವಾಗ ದಿಕ್ಕು ಬದಲಿಸಿ ಸಂಜು ಸ್ಯಾಮ್ಸನ್ ಎಸೆತಕ್ಕೆ ಅಡ್ಡ ಬಂದ ಅಂತ. ಅಲ್ಲಿಯೂ ಅಂಪೈರ್ ನೋಡುವುದು ಇದನ್ನೇ, ಕಾರಣ ಇಲ್ಲದೆ ದಾರಿ ಬದಲಿಸಿದನಾ? 2019ರ ಜುಲೈನಲ್ಲಿ ಹ್ಯೂಸ್ಟನ್‌ನ ಜೇಕ್ ಮರಿಸ್ನಿಕ್, ಏಂಜೆಲ್ಸ್ ಕ್ಯಾಚರ್ ಜಾನಥನ್ ಲೂಕ್ರಾಯ್‌ಗೆ ಡಿಕ್ಕಿ ಹೊಡೆದಾಗಲೂ ಪ್ರಶ್ನೆ ಅದೇ. ಮರಿಸ್ನಿಕ್ ಪ್ಲೇಟಿನ ಒಳಬದಿಗೆ ತಿರುಗಿದ, ಅದೇ ಹೊತ್ತಿಗೆ ಕ್ಯಾಚರ್ ಕೂಡ ಚೆಂಡಿಗಾಗಿ ಆ ಕಡೆಗೇ ಸರಿದ. ಲೂಕ್ರಾಯ್‌ಗೆ ಮೂಗು ಮುರಿಯಿತು, ಕನ್ಕಶನ್ ಆಯಿತು. ರನ್ನರ್ ಔಟ್, ಆಮೇಲೆ ಎರಡು ಪಂದ್ಯ ನಿಷೇಧ. ತಾನು ತಪ್ಪಿಸಿಕೊಳ್ಳಲು ನೋಡಿದೆ ಅಂತ ಮರಿಸ್ನಿಕ್ ಹೇಳಿದ. ಇರಬಹುದು. ಆದರೂ ಔಟ್ ಅಂದದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಮನಸ್ಸಿನಲ್ಲಿ ಏನಿತ್ತು ಅಂತ ಅಂಪೈರ್‌ಗೆ ಕಾಣುವುದಿಲ್ಲ, ಹೆಜ್ಜೆ ಎಲ್ಲಿ ಬಿತ್ತು ಅಂತ ಕಾಣುತ್ತದೆ.

---

ಓಹಾಯೋ ಗೌಡ:

7.06ರ ಟಿಪ್ಪಣಿ ವಿಷಯ ನನಗೆ ಗೊತ್ತಿರಲಿಲ್ಲ, ಹುಡುಕಿ ಓದಿದೆ, ಇದೆ. ಸರಿ. ಆದರೆ ನೂರು ವರ್ಷ ಎಲ್ಲರೂ ಒಂದು ರೀತಿ ಆಡಿದ್ದರೆ ಅದೇ ಆಟ ಅನ್ನುವವನು ನಾನು. ರೋಸ್ ತಪ್ಪು ಮಾಡಿದ ಅಂತ ನನ್ನ ಬಾಯಲ್ಲಿ ಹೇಳಿಸಲಾಗುವುದಿಲ್ಲ.

ಒಂದು ಒಪ್ಪುತ್ತೇನೆ. ಈಗಿನ ಹುಡುಗರು ಪ್ಲೇಟ್ ಹತ್ತಿರ ಜಾರುವುದು ನೋಡಲು ಚೆಂದ. ಒಂದು ಕೈ ಚಾಚುತ್ತಾನೆ, ಕ್ಯಾಚರ್ ಅದನ್ನು ಮುಟ್ಟಲು ಹೋದಾಗ ಆ ಕೈ ಎಳೆದುಕೊಂಡು ಇನ್ನೊಂದರಲ್ಲಿ ಮುಟ್ಟುತ್ತಾನೆ. ಅದು ಭುಜ ಕೊಡುವುದಕ್ಕಿಂತ ಕಷ್ಟದ ಕೆಲಸ. ಡಿಕ್ಕಿ ಇದ್ದಿದ್ದರೆ ಇದನ್ನು ಯಾರೂ ಕಲಿಯುತ್ತಿರಲಿಲ್ಲವೇನೋ.

---

ಮಿಲ್ಪಿಟಸ್ ಮಂಜು:

ಎಲ್ಲರಿಗೂ ಥ್ಯಾಂಕ್ಸ್. ಗೌಡರೇ, ನಿಮ್ಮ ಮಾತನ್ನು ಸಹೋದ್ಯೋಗಿಗೆ ಹೇಳಿದೆ, ಸಿನ್ಸಿನಾಟಿಗೆ ಬಂದರೆ ಚಹಾ ಕುಡಿಸುತ್ತಾರಾ ಕೇಳು ಅಂದ. ಅಕ್ಕ, ಫೌಲ್ ಟಿಪ್ ವಿಷಯ ಹೇಳಿದ್ದಕ್ಕೆ ತುಂಬಾ ಉಪಕಾರ. ನನ್ನ ಹೆಂಡತಿಗೆ ಓದಿ ಹೇಳಿದೆ, ಈಗ ನನಗಿಂತ ಅವಳಿಗೆ ಜಾಸ್ತಿ ಪ್ರಶ್ನೆಗಳಿವೆ. ಸೆಕೆಂಡ್ ಹ್ಯಾಂಡ್ ಗೇರ್ ತೆಗೆದುಕೊಳ್ಳಬಹುದಾ? ಅಂಗಡಿಯಲ್ಲಿ ಹೊಸ ಸೆಟ್ ಬೆಲೆ ನೋಡಿ ತಲೆ ತಿರುಗಿತು. ಮತ್ತೆ ನೀಲಿ ಶರ್ಟು ಸರ್, ಕಾಲು ಎಲ್ಲಿಡಬೇಕು ಅಂತ ನಾನು ಅವನಿಗೆ ಮನೆಯಲ್ಲೇ ಹೇಳಿಕೊಡಬಹುದಾ?

---

ಕ್ಯಾಚರ್ ಅಮ್ಮ:

ಶಿನ್ ಗಾರ್ಡ್, ಚೆಸ್ಟ್ ಪ್ರೊಟೆಕ್ಟರ್ ಹಳೆಯದು ಪರವಾಗಿಲ್ಲ, ಅಳತೆ ಸರಿ ಇರಬೇಕು ಅಷ್ಟೇ. ಚೆಸ್ಟ್ ಪ್ರೊಟೆಕ್ಟರ್ ಮೇಲೆ ಕತ್ತಿನ ಬುಡದ ಎಲುಬು ಕಾಣಬಾರದು. ಹೆಲ್ಮೆಟ್ ಮಾತ್ರ ಹೊಸದು ತೆಗೆದುಕೊಳ್ಳಿ. ಹಳೆಯದಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಲಿಟಲ್ ಲೀಗ್‌ನಲ್ಲಿ ಮಾಸ್ಕ್ ಕೆಳಗೆ ನೇತಾಡುವ ಗಂಟಲ ಗಾರ್ಡ್ ಇರಲೇಬೇಕು, ಪ್ರಾಕ್ಟೀಸ್‌ನಲ್ಲೂ. ಗಂಡು ಹುಡುಗರಿಗೆ ಕಪ್ (ಚಡ್ಡಿಯೊಳಗಿನ ಗಾರ್ಡ್) ಕಡ್ಡಾಯ. ಮೊದಲ ವಾರ ಕಪ್ ಹಾಕುವುದಿಲ್ಲ ಅಂತ ರಂಪ ಮಾಡುತ್ತಾರೆ, ಬಗ್ಗಬೇಡಿ. ಬ್ಯಾಟ್ಸ್‌ಮನ್ ಆಡುವಾಗ ಬಲಗೈ ಬೆನ್ನ ಹಿಂದೆ ಇಟ್ಟುಕೊಳ್ಳುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಸಿ, ಇಲ್ಲದಿದ್ದರೆ ಬೆರಳಿಗೆ ಬೀಳುತ್ತದೆ.

---

ನೀಲಿ ಶರ್ಟು:

ಖಂಡಿತ ಹೇಳಿಕೊಡಬಹುದು ಮಂಜು. ಹಿತ್ತಿಲಲ್ಲಿ ಒಂದು ರಟ್ಟನ್ನು ಪ್ಲೇಟ್ ಆಕಾರಕ್ಕೆ ಕತ್ತರಿಸಿ ನೆಲಕ್ಕೆ ಇಡಿ. ಥರ್ಡ್ ಬೇಸ್ ಎಲ್ಲಿ ಅಂತ ಒಂದು ಚಪ್ಪಲಿ ಇಟ್ಟು ತೋರಿಸಿ. ಅವನು ಪ್ಲೇಟ್‌ನ ಮುಂದೆ, ಮೈದಾನದ ಕಡೆ ನಿಲ್ಲಬೇಕು, ಎಡ ಪಾದ ಪ್ಲೇಟಿನ ಮುಂಭಾಗದ ಅಂಚಿನ ಹತ್ತಿರ, ಬೆರಳು ಎಸೆತ ಬರುವ ಕಡೆಗೆ. ಚಪ್ಪಲಿಯಿಂದ ಪ್ಲೇಟ್‌ಗೆ ಒಂದು ದಾರ ಎಳೆದರೆ ಅದು ಅವನ ಕಾಲಿಗೆ ತಾಗಬಾರದು. ನೀವು ಟೆನಿಸ್ ಬಾಲ್ ಎಸೆಯಿರಿ. ಅವನು ಮೊದಲು ಹಿಡಿಯಲಿ, ಆಮೇಲೆ ಎರಡೂ ಕೈ ಸೇರಿಸಿ ಎಡಕ್ಕೆ ತಿರುಗಿ ಗ್ಲೌಸ್ ನೆಲದ ಹತ್ತಿರ ತರಲಿ. ಹಿಡಿಯುವ ಮೊದಲೇ ತಿರುಗುತ್ತಾನೆ, ಎಲ್ಲ ಮಕ್ಕಳೂ ಹಾಗೆಯೇ. ಮತ್ತೆ ಎಸೆಯಿರಿ. ಕೆಟ್ಟ ಎಸೆತವನ್ನೂ ಬೇಕೂಂತ ಹಾಕಿ, ಅದಕ್ಕೆ ಅವನು ಕಾಲು ಸರಿಸಲೇಬೇಕಾಗುತ್ತದೆ. ಡಿಕ್ಕಿಗಳೆಲ್ಲ ಆಗುವುದು ಆ ಕೆಟ್ಟ ಎಸೆತಗಳಲ್ಲೇ. ಎಸೆತ ಥರ್ಡ್ ಬೇಸ್ ಕಡೆಗೆ ಹೋಗಿ, ಪಕ್ಕದಲ್ಲಿ ರನ್ನರ್ ಬರುತ್ತಿದ್ದರೆ, ಚೆಂಡನ್ನು ಬಿಟ್ಟುಬಿಡು ಅಂತ ಹೇಳಿ. ಒಂದು ರನ್ ಹೋದರೆ ಹೋಗಲಿ. ಕೋಚ್ ಇದಕ್ಕೆ ಬೈದರೆ ನನಗೆ ಮೆಸೇಜ್ ಮಾಡಿ.